ಡಾರ್ಕ್ ಮ್ಯಾಟರ್, ಕುಬ್ಜ ಗ್ಯಾಲಕ್ಸಿ, ರೇಡಿಯೋ: ಎಂಟನೇ ಕ್ಲಾಸಿನ ಹುಡುಗಿಗೆ ಹೇಗೆ ಹೇಳಲಿ?

ಯಲಬುರ್ಗಾ_ವಿಜ್ಞಾನ

ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹೋದ ವಾರ ಬೆಳಕಿನ ಪಾಠ ಮುಗಿಸಿ ಹತ್ತು ನಿಮಿಷ ಉಳಿದಿತ್ತು. ಡಾರ್ಕ್ ಮ್ಯಾಟರ್ ಬಗ್ಗೆ ಎರಡು ಮಾತು ಹೇಳಿದೆ. ಅದು ಬೆಳಕು ಕೊಡಲ್ಲ, ಬೆಳಕನ್ನು ತಡೆಯಲ್ಲ, ಆದರೆ ತೂಕ ಇದೆ ಅಂತ. ರೇಡಿಯೋ ದೂರದರ್ಶಕ ಇಟ್ಟುಕೊಂಡು ಚಿಕ್ಕ ಚಿಕ್ಕ ಗ್ಯಾಲಕ್ಸಿಗಳಲ್ಲಿ ಅದನ್ನು ಹುಡುಕುತ್ತಾರೆ ಅಂತಲೂ ಹೇಳಿದೆ. ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. "ಟೀಚರ್, ರೇಡಿಯೋ ಅಲೆಯೂ ಒಂದು ಬೆಳಕೇ ಅಂತ ನೀವೇ ಹೇಳಿದಿರಿ. ಬೆಳಕೇ ಕೊಡದೇ ಇರೋದು ರೇಡಿಯೋದಲ್ಲಿ ಹೇಗೆ ಸಿಗುತ್ತೆ?"

ನಾನು ನಿಂತುಬಿಟ್ಟೆ. ನಾಳೆ ಹೇಳುತ್ತೇನೆ ಅಂದೆ. ನಾಳೆ ನಾಳೆ ಅಂತ ನಾಲ್ಕು ದಿನ ಆಯಿತು. ಓದಿದಷ್ಟೂ ಹೊಸ ಪ್ರಶ್ನೆ ಹುಟ್ಟುತ್ತಿದೆ. ದೊಡ್ಡ ಗ್ಯಾಲಕ್ಸಿ ಬಿಟ್ಟು ಚಿಕ್ಕದನ್ನೇ ಯಾಕೆ ನೋಡಬೇಕು? ಇಷ್ಟು ವರ್ಷ ನೋಡಿ ಏನು ಸಿಕ್ಕಿದೆ? ಇಲ್ಲಿ ಈ ಕೆಲಸ ಗೊತ್ತಿರುವವರು ಇದ್ದೀರಿ ಅಂತ ಕೇಳಿದ್ದೆ. ದಯವಿಟ್ಟು ನಮ್ಮ ಮಕ್ಕಳಿಗೆ ಅರ್ಥ ಆಗುವ ಹಾಗೆ ಹೇಳಿ.

ರಾಯಚೂರು_ರೇಡಿಯೋ

ಮೇಡಂ, ಆ ಹುಡುಗಿಗೆ ಮೊದಲು ನನ್ನ ನಮಸ್ಕಾರ ಹೇಳಿ. ಅವಳ ಮಾತು ನೂರಕ್ಕೆ ನೂರು ಸರಿ. ಡಾರ್ಕ್ ಮ್ಯಾಟರ್ ರೇಡಿಯೋ ಅಲೆ ಕೊಡುವುದಿಲ್ಲ. ನಾನು ರಾಯಚೂರಿನವನು, ಈಗ ಪುಣೆಯಲ್ಲಿ ರೇಡಿಯೋ ಖಗೋಳದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಈ ವಿಷಯದ ಹತ್ತಿರದಲ್ಲೇ ನನ್ನ ಕೆಲಸ. ಹಾಗಾಗಿ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಮೊದಲು ಅದು ಇದೆ ಅಂತ ಹೇಗೆ ಗೊತ್ತು ಅನ್ನೋದು. ನಮ್ಮ ಕಡೆ ಜೋಳ ಹಾಲುಗಟ್ಟುವ ಹೊತ್ತಿಗೆ ಅಟ್ಟದ ಮೇಲೆ ನಿಂತು ಹಕ್ಕಿ ಓಡಿಸೋಕೆ ಕವಣೆ ಬೀಸುತ್ತಾರಲ್ಲ. ಕಲ್ಲನ್ನು ಜೋರಾಗಿ ತಿರುಗಿಸಿದಷ್ಟೂ ಹಗ್ಗ ಗಟ್ಟಿ ಇರಬೇಕು. ಹೊಲಿಗೆ ದಾರಕ್ಕೆ ಕಲ್ಲು ಕಟ್ಟಿ ಹಾಗೆ ಬೀಸಿದರೆ ಪಟ್ ಅಂತ ಹರಿಯುತ್ತದೆ. ದೂರದಿಂದ ನೋಡಿದಾಗ ದಾರ ಮಾತ್ರ ಕಂಡು, ಕಲ್ಲು ಭರ್ರನೆ ತಿರುಗುತ್ತಾ ಇದ್ದರೆ ಏನಂತೀರಿ? ಅಲ್ಲಿ ಕಾಣದ ಹಗ್ಗ ಒಂದು ಇದೆ ಅಂತೀರಿ. ಗ್ಯಾಲಕ್ಸಿಯಲ್ಲಿ ಆ ಹಗ್ಗ ಗುರುತ್ವ. ಫ್ರಿಟ್ಜ್ ಜ್ವಿಕಿ 1933ರಲ್ಲಿ ಗ್ಯಾಲಕ್ಸಿಗಳ ದೊಡ್ಡ ಗುಂಪಿನಲ್ಲಿ ಇದನ್ನು ಗಮನಿಸಿದರು. 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗ್ಯಾಲಕ್ಸಿಯ ತಿರುಗುವ ವೇಗ ಅಳೆದರು. ಹೊರಗಿನ ನಕ್ಷತ್ರಗಳು ನಿಧಾನ ಆಗಬೇಕಿತ್ತು, ಆಗಲಿಲ್ಲ.

ಈಗ ಚಿಕ್ಕ ಗ್ಯಾಲಕ್ಸಿಗೆ ಬರೋಣ. ನಮ್ಮ ಆಕಾಶಗಂಗೆಯ ಸುತ್ತ ಹತ್ತಾರು ಕುಬ್ಜ ಗ್ಯಾಲಕ್ಸಿಗಳು ಇವೆ. ಡ್ರೇಕೋ ಅಂತ ಒಂದು ಇದೆ, ಉತ್ತರದ ಆಕಾಶದಲ್ಲಿ. ದೂರ ಸುಮಾರು 2.5 ಲಕ್ಷ ಜ್ಯೋತಿರ್ವರ್ಷ. ಅದರ ಬೆಳಕು ಎಲ್ಲಾ ಸೇರಿ ಸುಮಾರು 3 ಲಕ್ಷ ಸೂರ್ಯರಷ್ಟು. ಗ್ಯಾಲಕ್ಸಿ ಲೆಕ್ಕದಲ್ಲಿ ಇದು ಏನೇನೂ ಅಲ್ಲ. 1983ರಲ್ಲಿ ಮಾರ್ಕ್ ಆರನ್ಸನ್ ಅನ್ನುವ ವಿಜ್ಞಾನಿ ಅದರ ಬರೀ ಮೂರು ನಕ್ಷತ್ರಗಳ ವೇಗ ಅಳೆದರು. ಮೂರೇ ಮೂರು! ಅವು ಇರಬೇಕಾದ್ದಕ್ಕಿಂತ ಬಹಳ ಜಾಸ್ತಿ ವೇಗದಲ್ಲಿ ಇದ್ದವು. ಮೂರು ನಕ್ಷತ್ರ ನಂಬಿ ಇಷ್ಟು ದೊಡ್ಡ ಮಾತು ಹೇಳಬಹುದಾ ಅಂತ ಆಗ ತುಂಬಾ ಜನ ಅನುಮಾನ ಪಟ್ಟರು. ಆಮೇಲೆ ನೂರಾರು ನಕ್ಷತ್ರ ಅಳೆದರೂ ಮಾತು ಬದಲಾಗಲಿಲ್ಲ. ಡ್ರೇಕೋದ ನಕ್ಷತ್ರಗಳು ಜೇನುಹುಳಗಳ ಹಾಗೆ ದಿಕ್ಕಿಲ್ಲದೆ ಓಡಾಡುತ್ತವೆ, ವೇಗ ಸೆಕೆಂಡಿಗೆ ಸುಮಾರು 9 ಕಿಲೋಮೀಟರ್. ಕಾಣುವ ನಕ್ಷತ್ರಗಳ ತೂಕ ಮಾತ್ರ ಇದ್ದಿದ್ದರೆ ಒಂದು ಕಿಲೋಮೀಟರ್ ಆಸುಪಾಸು ಇರಬೇಕಿತ್ತು. ಲೆಕ್ಕ ಹಾಕಿದರೆ ತೂಕ ಕೋಟಿಗಟ್ಟಲೆ ಸೂರ್ಯರಷ್ಟು ಬರುತ್ತದೆ. ಅಂದರೆ ಅಲ್ಲಿ ಇರೋದು ಹೆಚ್ಚುಕಡಿಮೆ ಎಲ್ಲಾ ಡಾರ್ಕ್ ಮ್ಯಾಟರೇ.

ಆರನ್ಸನ್ 1987ರಲ್ಲಿ ದೂರದರ್ಶಕದ ಗುಮ್ಮಟದಲ್ಲೇ ಅಪಘಾತಕ್ಕೆ ಸಿಕ್ಕಿ ತೀರಿಹೋದರು. ತಾವು ಹೇಳಿದ್ದು ಎಷ್ಟು ಸರಿ ಅಂತ ಅವರು ಪೂರ್ತಿ ನೋಡಲಿಲ್ಲ. ಅವರ ಹೆಸರು ಮಕ್ಕಳಿಗೆ ಹೇಳಿ ಮೇಡಂ.

ಡಿಶ್_ರಿಪೇರಿ_ಬಳ್ಳಾರಿ

ಸರ್, ಚೆನ್ನಾಗಿ ಹೇಳಿದಿರಿ. ಆದರೆ ಹುಡುಗಿಯ ಪ್ರಶ್ನೆ ಹಾಗೇ ಉಳಿಯಿತು. ರೇಡಿಯೋ ಎಲ್ಲಿಂದ ಬಂತು?

ರಾಯಚೂರು_ರೇಡಿಯೋ

ಬಂದೆ ಅಣ್ಣಾ, ಊಟಕ್ಕೆ ಹೋಗಿದ್ದೆ.

ರಾತ್ರಿ ಹೊಲಕ್ಕೆ ಹಂದಿ ನುಗ್ಗಿದ್ದು ಯಾರಿಗೂ ಕಾಣಲ್ಲ. ಬೆಳಗ್ಗೆ ಹೋದರೆ ಮುರಿದ ಜೋಳದ ದಂಟು ಕಾಣುತ್ತದೆ. ನಾವು ಹುಡುಕೋದು ಆ ಮುರಿದ ದಂಟನ್ನು.

ಡಾರ್ಕ್ ಮ್ಯಾಟರ್ ಅಂದರೆ ಏನು ಅಂತ ಇನ್ನೂ ಯಾರಿಗೂ ಗೊತ್ತಿಲ್ಲ. ಬಹಳ ಕಾಲದಿಂದ ಇರುವ ಒಂದು ಊಹೆ ಅಂದರೆ, ಅದು ಭಾರವಾದ ಒಂದು ಕಣ, ವಿಂಪ್ ಅಂತ ಕರೆಯುತ್ತಾರೆ. ಅಂಥ ಎರಡು ಕಣ ಎದುರಾದರೆ ಎರಡೂ ನಾಶ ಆಗಿ, ಅವುಗಳ ಶಕ್ತಿಯಿಂದ ನಮಗೆ ಗೊತ್ತಿರುವ ಸಾಮಾನ್ಯ ಕಣಗಳು ಹುಟ್ಟುತ್ತವೆ. ಅವು ಒಂದರಿಂದ ಇನ್ನೊಂದಾಗಿ ಒಡೆಯುತ್ತಾ ಹೋಗಿ ಕೊನೆಗೆ ಗಾಮಾ ಕಿರಣ (ಬಹಳ ಶಕ್ತಿಯ ಬೆಳಕು), ನ್ಯೂಟ್ರಿನೋ (ಯಾವುದಕ್ಕೂ ಸುಲಭಕ್ಕೆ ತಾಗದ ಕಣ), ಜೊತೆಗೆ ಎಲೆಕ್ಟ್ರಾನ್ ಮತ್ತು ಅದರ ಧನ ವಿದ್ಯುತ್ತಿನ ಜೋಡಿ ಪಾಸಿಟ್ರಾನ್ ಉಳಿಯುತ್ತವೆ. ನಮಗೆ ಬೇಕಾದ್ದು ಕೊನೆಯ ಎರಡು. ಅವು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡುತ್ತವೆ. ಆ ಗ್ಯಾಲಕ್ಸಿಯಲ್ಲಿ ಚೂರು ಕಾಂತಕ್ಷೇತ್ರ ಇದ್ದರೆ ಸಾಕು, ಎಲೆಕ್ಟ್ರಾನ್ ಸುರುಳಿ ಸುತ್ತುತ್ತದೆ. ಸುತ್ತುವ ಎಲೆಕ್ಟ್ರಾನ್ ರೇಡಿಯೋ ಅಲೆ ಬಿಡುತ್ತದೆ. ಇದಕ್ಕೆ ಸಿಂಕ್ರೋಟ್ರಾನ್ ವಿಕಿರಣ ಅಂತ ಹೆಸರು. ಡಾರ್ಕ್ ಮ್ಯಾಟರ್ ಸುಮ್ನೆ ಇರುತ್ತದೆ, ಮಾತಾಡೋದು ಅದರ ಮೊಮ್ಮಗ ಎಲೆಕ್ಟ್ರಾನ್. ಹೀಗೆ ಹೇಳಿ ಮೇಡಂ, ಹುಡುಗಿ ಒಪ್ಪುತ್ತಾಳೆ.

ಒಂದು ಲೆಕ್ಕ ಕೊಡುತ್ತೇನೆ. ಕುಬ್ಜ ಗ್ಯಾಲಕ್ಸಿಯಲ್ಲಿ ಕಾಂತಕ್ಷೇತ್ರ ಒಂದು ಮೈಕ್ರೋಗಾಸ್ (ಕಾಂತಕ್ಷೇತ್ರದ ಒಂದು ಚಿಕ್ಕ ಅಳತೆ) ಇದೆ ಅಂತ ಇಟ್ಟುಕೊಳ್ಳೋಣ. ನಮ್ಮ ಭೂಮಿಯ ಕಾಂತಕ್ಷೇತ್ರ ಅದಕ್ಕಿಂತ ಲಕ್ಷಗಟ್ಟಲೆ ಪಟ್ಟು ಜಾಸ್ತಿ. ಅಷ್ಟು ದುರ್ಬಲ ಜಾಗದಲ್ಲಿ 10 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಎಲೆಕ್ಟ್ರಾನ್ ಸುತ್ತಿದರೆ ಅದು ಬಿಡುವ ಅಲೆ ಕೆಲವು ನೂರು ಮೆಗಾಹರ್ಟ್ಜ್ ಆಸುಪಾಸು ಇರುತ್ತದೆ. ನಮ್ಮ ಹೊಸಪೇಟೆ ಎಫ್‌ಎಂ 100.5 ಮೆಗಾಹರ್ಟ್ಜ್‌ನಲ್ಲಿ ಬರುತ್ತದಲ್ಲ, ಅದರ ಸ್ವಲ್ಪ ಮೇಲಿನ ಪಟ್ಟಿ. ಪುಣೆ ಹತ್ತಿರ ಖೋಡದ್‌ನಲ್ಲಿರುವ ಜಿಎಂಆರ್‌ಟಿ ಅನ್ನುವ ರೇಡಿಯೋ ದೂರದರ್ಶಕ ಕೆಲಸ ಮಾಡೋದು ಸರಿಯಾಗಿ ಅಲ್ಲೇ.

ಗಂಗಾವತಿ_ಪಿಯುಸಿ

ಸರ್ ಒಂದು ಡೌಟ್. ಡಾರ್ಕ್ ಮ್ಯಾಟರ್ ಜಾಸ್ತಿ ಇರೋದು ನಮ್ಮ ಆಕಾಶಗಂಗೆಯ ನಡುವೆ ಅಂತ ಓದಿದ್ದೇನೆ. ಅದು ಹತ್ತಿರವೂ ಇದೆ. ಅದನ್ನು ಬಿಟ್ಟು ಎರಡೂವರೆ ಲಕ್ಷ ಜ್ಯೋತಿರ್ವರ್ಷ ದೂರ ಯಾಕೆ ಹೋಗಬೇಕು?

ಯಲಬುರ್ಗಾ_ವಿಜ್ಞಾನ

ಇದಕ್ಕೆ ನಾನು ಉತ್ತರ ಹೇಳಿ ನೋಡುತ್ತೇನೆ, ತಪ್ಪಿದ್ದರೆ ತಿದ್ದಿ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ತೇರು ಎಳೆಯುವ ಹೊತ್ತಿಗೆ ಪಕ್ಕದಲ್ಲಿ ನಿಂತ ತಂಗಿ ಕೂಗಿದರೂ ಕೇಳುವುದಿಲ್ಲ. ಅದೇ ಊರಾಚೆ ಹೊಲದಲ್ಲಿ ರಾತ್ರಿ ಹನ್ನೆರಡಕ್ಕೆ ಒಂದು ಎತ್ತಿನ ಗಂಟೆ ಅಲುಗಿದರೂ ಕೇಳುತ್ತದೆ. ಆಕಾಶಗಂಗೆಯ ನಡುವೆ ಜಾತ್ರೆ. ಕುಬ್ಜ ಗ್ಯಾಲಕ್ಸಿ ರಾತ್ರಿ ಹೊಲ. ಸರಿನಾ?

ರಾಯಚೂರು_ರೇಡಿಯೋ

ಸರಿಯೇ ಸರಿ ಮೇಡಂ. ನಡುವಿನಲ್ಲಿ ಸಿಡಿದ ನಕ್ಷತ್ರಗಳ ಅವಶೇಷ, ಪಲ್ಸಾರ್ ಅನ್ನುವ ಭರ್ರನೆ ತಿರುಗುವ ಸತ್ತ ನಕ್ಷತ್ರ, ಬಿಸಿ ಅನಿಲ, ದೊಡ್ಡ ಕಪ್ಪುರಂಧ್ರ, ಎಲ್ಲವೂ ರೇಡಿಯೋದಲ್ಲಿ ಕೂಗುತ್ತಿವೆ. ಡ್ರೇಕೋದಂಥ ಗ್ಯಾಲಕ್ಸಿಯಲ್ಲಿ ಇರೋದು ಹಳೇ ನಕ್ಷತ್ರಗಳು. ಅನಿಲ ಇಲ್ಲ ಅನ್ನುವಷ್ಟು ಕಡಿಮೆ. ಹೊಸ ನಕ್ಷತ್ರ ಹುಟ್ಟುವುದು ನಿಂತು ಕಾಲವಾಗಿದೆ, ಹಾಗಾಗಿ ಸಿಡಿಯುವ ದೊಡ್ಡ ನಕ್ಷತ್ರಗಳೂ ಇಲ್ಲ. ಆ ಜಾಗದಿಂದ ಹರಡಿದ ರೇಡಿಯೋ ಹೊಳಪು ಬಂದರೆ, ಅದಕ್ಕೆ ಬೇರೆ ಕಾರಣ ಹೇಳೋದು ಕಷ್ಟ. ಅದೇ ಇದರ ಬೆಲೆ.

ಇನ್ನೊಂದು ಮಾತು. ಎರಡು ಕಣ ಎದುರಾಗಬೇಕು ಅಂದೆನಲ್ಲ. ಅಷ್ಟೇ ಜಾಗದ ಸಂತೆಗೆ ಎರಡು ಪಟ್ಟು ಜನ ಬಂದರೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯೋದು ನಾಲ್ಕು ಪಟ್ಟು ಆಗುತ್ತದೆ. ಹಾಗಾಗಿ ಒಟ್ಟು ಎಷ್ಟಿದೆ ಅನ್ನೋದಕ್ಕಿಂತ ಎಷ್ಟು ಒತ್ತಾಗಿದೆ ಅನ್ನೋದು ಮುಖ್ಯ. ಸಿಂಹ ರಾಶಿಯ ದಿಕ್ಕಿನಲ್ಲಿರುವ ಸೆಗ್ಯೂ 1 ಅನ್ನುವ ಗ್ಯಾಲಕ್ಸಿ ಎಷ್ಟು ಮಂಕು ಅಂದರೆ ಅದರ ನಕ್ಷತ್ರಗಳೆಲ್ಲ ಸೇರಿದರೂ ಸಾವಿರ ಸೂರ್ಯರ ಬೆಳಕು ಬರುವುದಿಲ್ಲ. ಆದರೂ ಈ ಹುಡುಕಾಟದಲ್ಲಿ ಅದರ ಹೆಸರು ಮೇಲೆಯೇ ಇರುತ್ತದೆ.

ಸಿಂಧನೂರು_ಗದ್ದೆ

ಎಲ್ಲಾ ಓದಿದೆ. ನಾನು ಹತ್ತನೇ ಕ್ಲಾಸು ಓದಿ ಭತ್ತ ಬೆಳೆಯುವವನು. ಒಂದು ಪ್ರಶ್ನೆ ಕೇಳಲೇಬೇಕು, ಯಾರೂ ತಪ್ಪು ತಿಳಿಯಬೇಡಿ. ನಮ್ಮ ಕಾಲುವೆಯ ಕೊನೆ ಭಾಗಕ್ಕೆ ಎಷ್ಟೋ ವರ್ಷ ನೀರೇ ಸರಿಯಾಗಿ ಬರಲ್ಲ. ಎಸ್‌ಕೆಎ ಅನ್ನುವ ರೇಡಿಯೋ ದೂರದರ್ಶಕಕ್ಕೆ ನಮ್ಮ ದೇಶ 1250 ಕೋಟಿ ಕೊಡುತ್ತಿದೆ ಅಂತ ಪೇಪರಿನಲ್ಲಿ ಓದಿದ್ದೆ. ಇಷ್ಟು ವರ್ಷ ಹುಡುಕಿದ್ದಾರೆ ಅಂತೀರಿ, ಸಿಕ್ಕಿದೆಯಾ?

ರಾಯಚೂರು_ರೇಡಿಯೋ

ಅಣ್ಣಾ, ನೇರ ಉತ್ತರ: ಸಿಕ್ಕಿಲ್ಲ. ಒಂದು ಸಲವೂ ಸಿಕ್ಕಿಲ್ಲ.

2013ರಲ್ಲಿ ಅಮೆರಿಕದ ಗ್ರೀನ್ ಬ್ಯಾಂಕ್ ದೂರದರ್ಶಕದ ಫಲಿತಾಂಶ ಬಂತು. 100 ಮೀಟರ್ ಡಿಶ್ ಅದು. ಡ್ರೇಕೋ ಸೇರಿ ನಾಲ್ಕು ಕುಬ್ಜ ಗ್ಯಾಲಕ್ಸಿಗಳನ್ನು ನೋಡಿದರು. ಹರಡಿದ ಹೊಳಪು ಇರಲಿಲ್ಲ. ಆಮೇಲೆ ಆಸ್ಟ್ರೇಲಿಯಾದ ಎಟಿಸಿಎ ದೂರದರ್ಶಕ ಆರು ಗ್ಯಾಲಕ್ಸಿ ನೋಡಿತು, ಇರಲಿಲ್ಲ. 2015ರಲ್ಲಿ ರೆಟಿಕ್ಯುಲಂ 2 ಅನ್ನುವ ಹೊಸ ಕುಬ್ಜ ಗ್ಯಾಲಕ್ಸಿ ಪತ್ತೆಯಾದಾಗ ಕೆಲವರು ಅಲ್ಲಿಂದ ಗಾಮಾ ಕಿರಣದ ಸುಳಿವು ಕಾಣುತ್ತಿದೆ ಅಂದರು. ಆ ದಿನ ಎಲ್ಲರಿಗೂ ಮೈ ಜುಂ ಅಂದಿತ್ತು. ಬೇರೆಯವರು ಲೆಕ್ಕ ಹಾಕಿದಾಗ ಸುಳಿವು ಅಷ್ಟು ಗಟ್ಟಿ ಕಾಣಲಿಲ್ಲ. ಎಟಿಸಿಎ ಅದನ್ನೂ ನೋಡಿತು. ರೇಡಿಯೋದಲ್ಲಿ ಏನೂ ಬರಲಿಲ್ಲ. ಯುರೋಪಿನ ಲೋಫಾರ್ ದೂರದರ್ಶಕ ನೋಡಿತು, ಚೀನಾದ ಫಾಸ್ಟ್ ನೋಡಿತು, ಅವಕ್ಕೂ ಸಿಗಲಿಲ್ಲ.

ನಮ್ಮ ಜಿಎಂಆರ್‌ಟಿ 150 ಮೆಗಾಹರ್ಟ್ಜ್‌ನಲ್ಲಿ ಇಲ್ಲಿಂದ ಕಾಣುವ ಆಕಾಶವನ್ನೆಲ್ಲ ಸಮೀಕ್ಷೆ ಮಾಡಿದೆ, ಟಿಜಿಎಸ್ಎಸ್ ಅಂತ. ಆ ಚಿತ್ರಗಳಿಂದ ಇಪ್ಪತ್ತಕ್ಕೂ ಹೆಚ್ಚು ಕುಬ್ಜ ಗ್ಯಾಲಕ್ಸಿಗಳನ್ನು ಕತ್ತರಿಸಿ, ಒಂದರ ಮೇಲೊಂದು ಇಟ್ಟು ನೋಡಿದವರು ನಮ್ಮ ದೇಶದವರೇ. 2021ರಲ್ಲಿ ಅದು ಪ್ರಕಟ ಆಯಿತು. ಒಂದರ ಮೇಲೊಂದು ಇಟ್ಟರೆ ಗದ್ದಲ ತಗ್ಗುತ್ತದೆ. 25 ಚಿತ್ರ ಸೇರಿಸಿದರೆ ಗದ್ದಲ ಐದನೇ ಒಂದು ಪಾಲಿಗೆ ಇಳಿಯುತ್ತದೆ. ಎಲ್ಲದರಲ್ಲೂ ಚೂರು ಚೂರು ಸಿಗ್ನಲ್ ಇದ್ದಿದ್ದರೆ ತಲೆ ಎತ್ತಬೇಕಿತ್ತು. ಎತ್ತಲಿಲ್ಲ.

ಆದರೆ ಸುಮ್ನೆ ಹೋಗಲಿಲ್ಲ ಅಣ್ಣಾ. ಒಂದೊಂದು ಸಲ ನೋಡಿದಾಗಲೂ "ಈ ತೂಕದ ಕಣ ಇದ್ದು, ಇಷ್ಟು ಜೋರಾಗಿ ಡಿಕ್ಕಿ ಹೊಡೆಯುತ್ತಿದ್ದರೆ ನಮಗೆ ಕಾಣಬೇಕಿತ್ತು, ಕಾಣಲಿಲ್ಲ" ಅಂತ ಒಂದು ಗೆರೆ ಎಳೆಯುತ್ತಾರೆ. ಗೆರೆಯ ಆಚೆ ಇರುವ ಊಹೆಗಳೆಲ್ಲ ಬಿದ್ದುಹೋಗುತ್ತವೆ. ಬೋರು ಹೊಡೆಸುವವರು ಇಲ್ಲಿ 300 ಅಡಿವರೆಗೆ ನೀರಿಲ್ಲ ಅಂತ ಬರೆದಿಟ್ಟರೆ ಪಕ್ಕದ ಹೊಲದವನಿಗೆ ಅದು ಉಪಯೋಗಕ್ಕೆ ಬರುತ್ತದೆ, ಅಲ್ವಾ.

ಕಾಲುವೆ ನೀರಿನ ಮಾತು ನ್ಯಾಯವಾದದ್ದು. ಅದಕ್ಕೆ ಉತ್ತರ ಕೊಡುವವನು ನಾನಲ್ಲ. ಈ ಹಣ ಬಿಟ್ಟರೆ ಆ ನೀರು ಬರುತ್ತದೆ ಅಂತ ನನಗೆ ಅನ್ನಿಸುವುದಿಲ್ಲ, ಅಷ್ಟು ಹೇಳಬಲ್ಲೆ.

ಸಿಂಧನೂರು_ಗದ್ದೆ

ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್ ತಮ್ಮಾ. ಬೋರಿನ ಮಾತು ಹಿಡಿಸಿತು. ಆದರೆ ಆ ಗೆರೆ ಎಷ್ಟು ಗಟ್ಟಿ? ಕಾಂತಕ್ಷೇತ್ರ "ಇದೆ ಅಂತ ಇಟ್ಟುಕೊಳ್ಳೋಣ" ಅಂದೆಯಲ್ಲ. ಇಲ್ಲದಿದ್ದರೆ?

ರಾಯಚೂರು_ರೇಡಿಯೋ

ಅಣ್ಣಾ, ನಮ್ಮ ಸಭೆಗಳಲ್ಲಿ ದೊಡ್ಡ ದೊಡ್ಡವರು ಒಬ್ಬರಿಗೊಬ್ಬರು ಕೇಳುವ ಪ್ರಶ್ನೆಯೇ ಇದು. ಈ ಕೆಲಸದ ನಿಜವಾದ ನೋವು ಇಲ್ಲೇ ಇದೆ.

ಡ್ರೇಕೋದಂಥ ಅನಿಲ ಇಲ್ಲದ ಕುಬ್ಜ ಗ್ಯಾಲಕ್ಸಿಯ ಕಾಂತಕ್ಷೇತ್ರ ಯಾರೂ ನೇರ ಅಳೆದಿಲ್ಲ. ಅನಿಲ ಇಲ್ಲದ ಕಡೆ ಅಳೆಯೋದೇ ಕಷ್ಟ. ಒಂದು ಮೈಕ್ರೋಗಾಸ್ ಅಂತ ಇಟ್ಟುಕೊಂಡು ಲೆಕ್ಕ ಮಾಡುತ್ತಾರೆ. ಅದು ಹತ್ತನೇ ಒಂದು ಪಾಲು ಇದ್ದರೆ ರೇಡಿಯೋ ಹೊಳಪು ತುಂಬಾ ಬಿದ್ದುಹೋಗುತ್ತದೆ, ಗೆರೆಯೂ ಸಡಿಲ ಆಗುತ್ತದೆ.

ಎರಡನೇದು, ಎಲೆಕ್ಟ್ರಾನ್ ಅಲ್ಲೇ ನಿಲ್ಲುತ್ತದಾ ಅನ್ನೋದು. 10 ಗಿಗಾ ಎಲೆಕ್ಟ್ರಾನ್‌ವೋಲ್ಟ್‌ನ ಎಲೆಕ್ಟ್ರಾನ್ ತನ್ನ ಶಕ್ತಿ ಕಳಕೊಳ್ಳೋಕೆ ಸುಮಾರು 10 ಕೋಟಿ ವರ್ಷ ಬೇಕು. ಆಕಾಶಗಂಗೆಯಲ್ಲಿ ಎಲೆಕ್ಟ್ರಾನ್ ಹರಡುವಷ್ಟೇ ಸಲೀಸಾಗಿ ಅಲ್ಲೂ ಹರಡಿದರೆ, ಆ ಪುಟ್ಟ ಗ್ಯಾಲಕ್ಸಿ ದಾಟಿ ಹೊರಗೆ ಹೋಗೋಕೆ ಅದರ ಹತ್ತನೇ ಒಂದು ಪಾಲು ಸಮಯವೂ ಬೇಡ. ರೇಡಿಯೋ ಅಲೆ ಬಿಡುವ ಮುಂಚೆಯೇ ಎಲೆಕ್ಟ್ರಾನ್ ಜಾಗ ಖಾಲಿ ಮಾಡಿರುತ್ತದೆ.

ಸಿಂಧನೂರು_ಗದ್ದೆ

ಅಂದರೆ ಬದು ಕಿತ್ತುಹೋದ ಗದ್ದೆ. ಮೇಲಿಂದ ನೀರು ಬಿಡುತ್ತಲೇ ಇದ್ದರೂ ಮಡಿಯಲ್ಲಿ ನಿಲ್ಲಲ್ಲ. ನಿಂತ ನೀರು ನೋಡಿ ಎಷ್ಟು ಬಿಟ್ಟಿದ್ದಾರೆ ಅಂತ ಹೇಳೋಕೆ ಬರಲ್ಲ. ಮೊದಲು ಬದು ಎಷ್ಟು ಸೋರುತ್ತಿದೆ ಅಂತ ಗೊತ್ತಾಗಬೇಕು.

ರಾಯಚೂರು_ರೇಡಿಯೋ

ಅಣ್ಣಾ, ಇನ್ನು ಮುಂದೆ ನಾನು ಯಾರಿಗೆ ಹೇಳುವಾಗಲೂ ಇದನ್ನೇ ಹೇಳುತ್ತೇನೆ. ದೊಡ್ಡ ಗ್ಯಾಲಕ್ಸಿ ದೊಡ್ಡ ಕೆರೆ ಇದ್ದ ಹಾಗೆ, ಸೋರುವುದು ಲೆಕ್ಕಕ್ಕೆ ಬರಲ್ಲ. ಪುಟ್ಟ ಮಡಿಯಲ್ಲಿ ಬದುವೇ ಎಲ್ಲಾ.

ಇದನ್ನು ಒಪ್ಪಿಕೊಂಡ ಮೇಲೆ ಇನ್ನೊಂದನ್ನೂ ಹೇಳಬೇಕು. ಗಾಮಾ ಕಿರಣಕ್ಕೆ ಈ ತಾಪತ್ರಯ ಇಲ್ಲ. ಅದು ಹುಟ್ಟಿದ ಜಾಗದಿಂದ ನೆಟ್ಟಗೆ ಬರುತ್ತದೆ, ಕಾಂತಕ್ಷೇತ್ರ ಬೇಕಿಲ್ಲ. 2008ರಲ್ಲಿ ಹಾರಿಸಿದ ಫರ್ಮಿ ಉಪಗ್ರಹ ಇದೇ ಕುಬ್ಜ ಗ್ಯಾಲಕ್ಸಿಗಳನ್ನು ಗಾಮಾದಲ್ಲಿ ನೋಡುತ್ತಲೇ ಇದೆ. ನನ್ನ ಅಭಿಪ್ರಾಯ ಕೇಳಿದರೆ ಇವತ್ತಿಗೆ ಅದರ ಗೆರೆಯೇ ಹೆಚ್ಚು ನಂಬಿಕೆಯದ್ದು. ನಾನು ರೇಡಿಯೋದವನಾದರೂ ಹೀಗೇ ಹೇಳುತ್ತೇನೆ. ರೇಡಿಯೋದ ಅನುಕೂಲ ಏನು ಅಂದರೆ ನಮ್ಮ ಕಿವಿ ಗಾಮಾದವರ ಕಿವಿಗಿಂತ ಬೇಗ ಬೇಗ ಚುರುಕಾಗುತ್ತಿದೆ. ಎಸ್‌ಕೆಎಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ 197 ಡಿಶ್, ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1,31,072 ಚಿಕ್ಕ ಆಂಟೆನಾ. ಅದು ಕೆಲಸ ಶುರು ಮಾಡಿದ ಮೇಲೆ ದೂರದ ಪಲ್ಸಾರ್, ಗ್ಯಾಲಕ್ಸಿಗಳ ರೇಡಿಯೋ ಅಲೆ ಕಾಂತಕ್ಷೇತ್ರ ದಾಟಿ ಬರುವಾಗ ತಿರುಚುವುದನ್ನು ನೋಡಿ ಆ ಕಾಂತಕ್ಷೇತ್ರವನ್ನೇ ಅಳೆಯುವ ಆಸೆ ಇದೆ. ಬದು ಅಳೆದರೆ ನೀರು ಅಳೆಯಬಹುದು.

ಹಟ್ಟಿ_ಗಣಿ

ನಾನು ಹಟ್ಟಿಯಲ್ಲಿ ಗಣಿ ಕೆಲಸದವನು. ಭೂಮಿ ಒಳಗೂ ಡಾರ್ಕ್ ಮ್ಯಾಟರ್ ಹುಡುಕುತ್ತಾರೆ ಅಂತ ಮಗಳು ಹೇಳಿದಳು. ನಮ್ಮ ಗಣಿಯಂಥ ಜಾಗದಲ್ಲಿ ಮಾಡಬಹುದಾ? ಕೆಳಗೆ ಇಳಿದರೆ ಮೊಬೈಲ್ ಸಿಗ್ನಲ್ ಸತ್ತೇ ಹೋಗುತ್ತದೆ, ಅಷ್ಟು ಗೊತ್ತು.

ರಾಯಚೂರು_ರೇಡಿಯೋ

ಕಾಕಾ, ಮಗಳು ಹೇಳಿದ್ದು ನಿಜ. ಅದು ಬೇರೆ ದಾರಿ. ಡಾರ್ಕ್ ಮ್ಯಾಟರ್ ಕಣ ನಮ್ಮ ಭೂಮಿಯ ಮೂಲಕವೇ ಹಾದುಹೋಗುತ್ತಿದ್ದರೆ, ಯಾವಾಗಲೋ ಒಂದು ಸಲ ಒಂದು ಪರಮಾಣುವಿಗೆ ತಾಗಬಹುದು ಅಂತ ಕಾಯುತ್ತಾ ಕೂರೋದು. ಮೇಲೆ ಕೂತರೆ ಆಕಾಶದಿಂದ ಸುರಿಯುವ ವಿಶ್ವಕಿರಣಗಳ ಗದ್ದಲ. ನೂರಾರು ಮೀಟರ್ ಕಲ್ಲು ತಲೆ ಮೇಲೆ ಇದ್ದರೆ ಅದು ತಡೆಯುತ್ತದೆ. ಜಾರ್ಖಂಡ್‌ನ ಜಾದುಗುಡ ಯುರೇನಿಯಂ ಗಣಿಯಲ್ಲಿ 555 ಮೀಟರ್ ಆಳದಲ್ಲಿ ಇಂಥ ಪ್ರಯೋಗಾಲಯ 2017ರಲ್ಲಿ ಶುರುವಾಗಿದೆ.

ನಮ್ಮ ರಾಜ್ಯಕ್ಕಂತೂ ಇದರಲ್ಲಿ ದೊಡ್ಡ ಹೆಸರು ಇದೆ. ಕೋಲಾರದ ಚಿನ್ನದ ಗಣಿಯಲ್ಲಿ 2 ಕಿಲೋಮೀಟರಿಗಿಂತ ಆಳದಲ್ಲಿ, 1965ರಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳನ್ನು ಪ್ರಪಂಚದಲ್ಲೇ ಮೊದಮೊದಲು ಹಿಡಿದವರಲ್ಲಿ ಅಲ್ಲಿನ ತಂಡ ಒಂದು. ಆ ಯಂತ್ರಗಳನ್ನು ಕೆಳಗೆ ಇಳಿಸಿದ್ದು, ದಿನಾ ಕಾವಲು ಕಾದದ್ದು ಗಣಿಯವರ ಸಹಾಯದಿಂದಲೇ. ನಿಮ್ಮಂಥವರ ಕೆಲಸ ಇಲ್ಲದೆ ಆ ಫಲಿತಾಂಶ ಬರುತ್ತಿರಲಿಲ್ಲ.

ಹಟ್ಟಿ_ಗಣಿ

ಇದನ್ನು ಮಗಳಿಗೆ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡಳು.

ಡಿಶ್_ರಿಪೇರಿ_ಬಳ್ಳಾರಿ

ರೇಡಿಯೋಗೆ ವಾಪಸ್ ಬರೋಣ. ಜಿಎಂಆರ್‌ಟಿ ಫೋಟೋ ನೋಡಿದ್ದೇನೆ. 45 ಮೀಟರ್ ಡಿಶ್, ಆದರೆ ತಗಡು ಇಲ್ಲ, ತೆಳ್ಳಗಿನ ತಂತಿ ಜಾಲರಿ. ಗಾಳಿ ಒಳಗಿಂದ ಹಾದುಹೋಗುತ್ತದೆ. ಅಂಥವು 30. ವೆಲ್ಡಿಂಗ್ ಮಾಡಿದವನಿಗೆ ಮಾತ್ರ ಗೊತ್ತಾಗುತ್ತದೆ ಅದು ಎಂಥ ಬುದ್ಧಿವಂತಿಕೆ ಅಂತ. ಕಬ್ಬಿಣ ಕಡಿಮೆ, ಮೋಟಾರು ಚಿಕ್ಕದು, ಖರ್ಚು ಕಡಿಮೆ. ಅಲೆ ಉದ್ದ ಇದ್ದರೆ ಜಾಲರಿಯ ತೂತು ಅದಕ್ಕೆ ಕಾಣುವುದೇ ಇಲ್ಲ, ಗೋಡೆ ಇದ್ದ ಹಾಗೆ ತಿರುಗಿ ಬರುತ್ತದೆ. ರೇಡಿಯೋ ಖಗೋಳ ವಿಜ್ಞಾನಿ ಗೋವಿಂದ ಸ್ವರೂಪ್ ಅವರ ತಲೆ ಅದು. ಊಟಿಯಲ್ಲೂ ಬೆಟ್ಟದ ಇಳಿಜಾರಿಗೆ ಸರಿಯಾಗಿ 530 ಮೀಟರ್ ಉದ್ದದ ದೂರದರ್ಶಕ ಕಟ್ಟಿದವರು ಅವರೇ.

ಟೀಚರ್ ಅಕ್ಕಾ, ನಿಮಗೆ ಒಂದು ಐಡಿಯಾ. ಹಳೇ ಡಿಶ್ ಟಿವಿ ಆಂಟೆನಾ ಒಂದು, ಅದರ ಮುಂದೆ ಸಿಗ್ನಲ್ ಹಿಡಿಯುವ ಡಬ್ಬಿ ಎಲ್‌ಎನ್‌ಬಿ ಒಂದು, ಸಿಗ್ನಲ್ ಎಷ್ಟಿದೆ ಅಂತ ತೋರಿಸುವ ಸ್ಯಾಟ್ ಫೈಂಡರ್ ಮೀಟರ್ ಒಂದು ತಗೊಳ್ಳಿ. ಮುಳ್ಳು ಇರುವ ಮೀಟರ್ ತಗೊಳ್ಳಿ, ನಂಬರ್ ತೋರಿಸೋದು ಬೇಡ. ನನ್ನ ಅಂಗಡಿಯಲ್ಲಿ ಹಳೇವು ಬಿದ್ದಿವೆ, ಬಸ್ಸಿನವರ ಕೈಲಿ ಕಳಿಸುತ್ತೇನೆ. ದುಡ್ಡು ಬೇಡ. ಖಾಲಿ ಆಕಾಶಕ್ಕೆ ತಿರುಗಿಸಿ ಮುಳ್ಳನ್ನು ಕೆಳಗೆ ಹೊಂದಿಸಿ. ಆಮೇಲೆ ಸೂರ್ಯನಿಗೆ ತಿರುಗಿಸಿ, ಮುಳ್ಳು ಏರುತ್ತದೆ. ಗೋಡೆಗೆ ತಿರುಗಿಸಿ, ಏರುತ್ತದೆ. ಕೈ ಅಡ್ಡ ಇಟ್ಟರೂ ಏರುತ್ತದೆ, ಯಾಕಂದರೆ ಕೈ ಬಿಸಿ, ಆಕಾಶ ತಣ್ಣಗೆ. ದಕ್ಷಿಣದ ಕಡೆ ಟಿವಿ ಉಪಗ್ರಹಗಳ ಸಾಲು ಇದೆ, ಆ ಕಡೆ ಮಾತ್ರ ಹೋಗಬೇಡಿ.

ರಾಯಚೂರು_ರೇಡಿಯೋ

ಅಣ್ಣಾ, ಇದನ್ನು ಮಾಡಲೇಬೇಕು. ಮೇಡಂ, ಅಕ್ಕಪಕ್ಕದ ಪಂಪ್‌ಸೆಟ್ ಸ್ಟಾರ್ಟರ್, ಕೆಟ್ಟ ಟ್ಯೂಬ್‌ಲೈಟ್ ಚೋಕು ಎಲ್ಲಾ ಒಂದು ಸಲ ಪಟ್ಟಿ ಮಾಡಿಕೊಳ್ಳಿ. ನಿಮ್ಮ ಮೀಟರಿಗೆ ಅವು ಅಷ್ಟು ತೊಂದರೆ ಕೊಡದೇ ಇರಬಹುದು. ಆದರೆ ನಾವು 150 ಮೆಗಾಹರ್ಟ್ಜ್‌ನಲ್ಲಿ ಕೂತಾಗ ಕರೆಂಟಿನ ತಂತಿಯ ಕಿಡಿಯೇ ದೊಡ್ಡ ಶತ್ರು. ರಾತ್ರಿಯೆಲ್ಲಾ ನೋಡಿದ್ದರಲ್ಲಿ ಎಷ್ಟೋ ಭಾಗ ಅದಕ್ಕೇ ಎಸೆಯಬೇಕಾಗುತ್ತದೆ.

ಇನ್ನೊಂದು ತೊಂದರೆಯೂ ಹೇಳಿಬಿಡುತ್ತೇನೆ, ಪಿಯುಸಿ ತಮ್ಮನಿಗೆ ಇಷ್ಟ ಆಗಬಹುದು. ಡ್ರೇಕೋ ಆಕಾಶದಲ್ಲಿ ಹುಣ್ಣಿಮೆ ಚಂದ್ರನಷ್ಟು ಅಗಲ ಹರಡಿದೆ. ಜಿಎಂಆರ್‌ಟಿಯಂಥ ಬಹಳ ಡಿಶ್ ಸೇರಿದ ದೂರದರ್ಶಕ ಚುಕ್ಕೆಗಳನ್ನು ಚೆನ್ನಾಗಿ ನೋಡುತ್ತದೆ, ಹರಡಿದ ಮಂಕು ಹೊಳಪನ್ನು ಕಳಕೊಳ್ಳುತ್ತದೆ. ಒಂದೇ ದೊಡ್ಡ ಡಿಶ್ ಹರಡಿದ್ದನ್ನು ಹಿಡಿಯುತ್ತದೆ, ಆದರೆ ಅದರಲ್ಲಿ ಹಿಂದಿನ ನೂರಾರು ದೂರದ ಗ್ಯಾಲಕ್ಸಿಗಳ ಚುಕ್ಕೆಯೂ ಕಲೆತುಹೋಗುತ್ತದೆ. ಅದಕ್ಕೇ ಗ್ರೀನ್ ಬ್ಯಾಂಕಿನವರು ಇನ್ನೊಂದು ಸಮೀಕ್ಷೆಯಿಂದ ಚುಕ್ಕೆಗಳ ಪಟ್ಟಿ ತಗೊಂಡು, ತಮ್ಮ ಚಿತ್ರದಿಂದ ಒಂದೊಂದಾಗಿ ಕಳೆದರು. ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ. ಎಲ್ಲಾ ಆರಿಸಿದ ಮೇಲೆ ಮೊರದಲ್ಲಿ ಏನು ಉಳಿಯಿತು ಅನ್ನೋದೇ ಫಲಿತಾಂಶ.

ಗಂಗಾವತಿ_ಪಿಯುಸಿ

ಸರ್, ಇಂಥ ಕೆಲಸಕ್ಕೆ ಬರಬೇಕು ಅಂದರೆ ಏನು ಓದಬೇಕು?

ರಾಯಚೂರು_ರೇಡಿಯೋ

ಫಿಸಿಕ್ಸ್, ಗಣಿತ, ಜೊತೆಗೆ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆಯೋದು. ನಮ್ಮ ಗೌರಿಬಿದನೂರಿನಲ್ಲೂ ರೇಡಿಯೋ ವೀಕ್ಷಣಾಲಯ ಇದೆ, ಅವಕಾಶ ಸಿಕ್ಕರೆ ಒಮ್ಮೆ ನೋಡಿ ಬಾ. ನನಗೆ ಮೆಸೇಜ್ ಹಾಕು ತಮ್ಮಾ, ಮಾತಾಡೋಣ.

ಯಲಬುರ್ಗಾ_ವಿಜ್ಞಾನ

ಹದಿನೈದು ದಿನ ಆದಮೇಲೆ ಬರೆಯುತ್ತಿದ್ದೇನೆ. ಡಿಶ್ ಅಣ್ಣನ ಪಾರ್ಸೆಲ್ ಬಂತು. ಹಳೇ ಅಂಗಿಯಲ್ಲಿ ಸುತ್ತಿ, ಮೀಟರಿನ ಮೇಲೆ ಪೆನ್ನಿನಲ್ಲಿ "ನಿಧಾನ ತಿರುಗಿಸಿ" ಅಂತ ಬರೆದು ಕಳಿಸಿದ್ದರು. ತುಂಬಾ ಥ್ಯಾಂಕ್ಸ್ ಅಣ್ಣಾ.

ಶನಿವಾರ ಸಂಜೆ ಮಳೆ ಬಿಡುವು ಕೊಟ್ಟಿತ್ತು. ಹುಡುಗಿಯ ಮನೆ ಮಾಳಿಗೆ ಮೇಲೆ ಏಳೆಂಟು ಮಕ್ಕಳು ಸೇರಿದರು. ಅವಳ ಅಜ್ಜನೂ ಕಂಬಳಿ ಹೊದ್ದು ಕೂತರು. ಇನ್ನೂ ಬಿಸಿಲು ಇದ್ದಾಗ ಸೂರ್ಯನಿಗೆ ತಿರುಗಿಸಿದೆವು, ಮುಳ್ಳು ಪೂರ್ತಿ ಬಲಕ್ಕೆ ಹೋಯಿತು. ಮಕ್ಕಳು ಕೂಗಿದ ಕೂಗು ಬೀದಿಗೆಲ್ಲಾ ಕೇಳಿಸಿತು. ಗೋಡೆಗೆ ತಿರುಗಿಸಿದಾಗಲೂ ಏರಿತು. ಕತ್ತಲಾದ ಮೇಲೆ ಉತ್ತರಕ್ಕೆ ತಿರುಗಿ ಧ್ರುವ ನಕ್ಷತ್ರ ಹುಡುಕಿದೆವು. ನಮ್ಮ ಕಡೆ ಅದು ಕೆಳಗೇ ಇರುತ್ತದೆ, ಬೇವಿನ ಮರದ ಸಂದಿಯಲ್ಲಿ ಕಂಡಿತು. ಅದರಿಂದ ಮೇಲೆ, ಡ್ರೇಕೋ ಇರುವ ಕಡೆಗೆ ಡಿಶ್ ನಿಲ್ಲಿಸಿದೆವು. ಮುಳ್ಳು ಅಲುಗಲಿಲ್ಲ. ಅಲುಗಲ್ಲ ಅಂತ ನಾನು ಮೊದಲೇ ಹೇಳಿದ್ದೆ. ಆದರೂ ಒಂದು ನಿಮಿಷ ಎಲ್ಲರೂ ಉಸಿರು ಬಿಗಿಹಿಡಿದು ಅದನ್ನೇ ನೋಡಿದರು.

ನಾನು ಪುಸ್ತಕದಲ್ಲಿ "ಏನೂ ಇಲ್ಲ" ಅಂತ ಬರೆಯಿರಿ ಅಂದೆ. ಹುಡುಗಿ ಬರೆಯಲಿಲ್ಲ. ಎಲ್‌ಎನ್‌ಬಿ ಬಾಯಿಗೆ ತನ್ನ ಕೈ ಅಡ್ಡ ಇಟ್ಟಳು. ಮುಳ್ಳು ಏರಿತು. ಮೂರು ಬೆರಳು ಇಟ್ಟಳು, ಏರಿತು, ಸ್ವಲ್ಪ ಕಡಿಮೆ. ಎರಡು ಬೆರಳಿಗೆ ಚೂರು ಅಲುಗಿತು. ಒಂದು ಬೆರಳಿಗೆ ಅಲುಗಲಿಲ್ಲ. ಮತ್ತೆ ಒಂದು, ಮತ್ತೆ ಎರಡು. ಐದು ಸಲ ಹಾಗೇ ಮಾಡಿ ನೋಡಿದಳು. ಅಜ್ಜ ಬ್ಯಾಟರಿ ಹಿಡಿದಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಟೀಚರ್, ಏನೂ ಇಲ್ಲ ಅಂತ ನಮಗೆ ಹೇಳೋಕೆ ಬರಲ್ಲ, ಅಲ್ವಾ" ಅಂದಳು.

ಅವಳ ಪುಸ್ತಕದ ಆ ಪುಟ ನನ್ನ ಮುಂದೆ ಇದೆ. ಹೀಗೆ ಬರೆದಿದ್ದಾಳೆ: "ಡ್ರೇಕೋ, ಶನಿವಾರ, ರಾತ್ರಿ 8:40. ಎರಡು ಬೆರಳಿಗಿಂತ ಕಡಿಮೆ."